ನಡುವಿನಿಂದ ಕೇಳುತ್ತಿದ್ದ ಟೀಚರು

ಟೀಚರ ಎಡಗೈಯನ್ನು ಮೊಣಕೈಯ ಕೆಳಗೆ ಮುಟ್ಟಿದರೆ ಒಳಗೆ ಜೇನುಹುಳವೊಂದು ಸಿಕ್ಕಿಕೊಂಡ ಹಾಗೆ ಜುಂ ಎನ್ನುತ್ತಿತ್ತು. ಅಲ್ಲಿ ಎರಡು ಕಡೆ ಗೋಲಿಯಷ್ಟು ದಪ್ಪಕ್ಕೆ ಉಬ್ಬಿತ್ತು. ಸೂಜಿ ಚುಚ್ಚಿ ಚುಚ್ಚಿ ಚರ್ಮ ಕಪ್ಪಾಗಿತ್ತು. ಡಯಾಲಿಸಿಸ್ ಮಾಡುವುದಕ್ಕೆ ಅನುಕೂಲವಾಗಲಿ ಎಂದು ಡಾಕ್ಟರು ಎರಡು ರಕ್ತನಾಳಗಳನ್ನು ಅಲ್ಲಿ ಸೇರಿಸಿ ಹೊಲಿದಿದ್ದರು. ಮೊದಲ ದಿನ ಟೀಚರು ನನ್ನ ಮಗಳ ಬೆರಳನ್ನು ಹಿಡಿದು ಅಲ್ಲಿ ಇಡಿಸಿದರು. ಮಗಳು ಹೆದರಿ ಕೈ ಎಳೆದುಕೊಂಡಳು.

‘ಹೆದರ್‍ಬೇಡ ಹೆಣ್ಣೆ. ಪುಸ್ತಕದ ಚಿತ್ರಕ್ಕೆ ಜೀವ ಇಲ್ಲೆ, ಇದಕ್ಕಿತ್ತ್. ಇದ್ರಗೆ ಆರ್ಟರಿ ಯಾವ್ದ್, ವೇನ್ ಯಾವ್ದ್, ಹೇಳ್ ಕಾಂಬೊ’ ಎಂದರು.

ಮಗಳಿಗೆ ಗೊತ್ತಿತ್ತು. ತುಟಿ ಅಲುಗಾಡುತ್ತಿತ್ತು. ಉತ್ತರ ಮಾತ್ರ ಹೊರಗೆ ಬರಲಿಲ್ಲ. ಆಗ ನಮ್ಮ ಮನೆಯಲ್ಲಿದ್ದ ಸಂಕಟವೆಲ್ಲ ಅದೇ.

ನಮ್ಮದು ನಾವುಂದ. ಮನೆಯಿಂದ ಕಡಲು ಕಾಣುವುದಿಲ್ಲ, ಕೇಳುತ್ತದೆ. ಮನೆಯವರು ಗಂಗೊಳ್ಳಿಯಿಂದ ಬೋಟಿಗೆ ಹೋಗುವವರು. ಮಗಳು ಪಿಯುಸಿ ಮುಗಿಸಿ ನರ್ಸಿಂಗ್ ಪದವಿಗೆ ಸೇರಿದಾಗ ನಾನು ಆನೆಗುಡ್ಡೆಯ ಗಣಪತಿಗೆ ಕಾಯಿ ಒಡೆಸಿ ಬಂದಿದ್ದೆ. ದಿನಾ ಬೆಳಿಗ್ಗೆ ಬಸ್ಸಿನಲ್ಲಿ ಕುಂದಾಪುರದ ಕಡೆಗೆ ಹೋಗಿ ಬರುತ್ತಿದ್ದಳು. ಬಿಳಿ ಯೂನಿಫಾರಂ ಒಗೆದು ಒಣಗಿಸುವುದೇ ನನಗೊಂದು ಪೂಜೆಯಾಗಿತ್ತು. ಆದರೆ ಮೊದಲ ವರ್ಷದ ಅನಾಟಮಿಯಲ್ಲಿ ಅವಳು ಫೇಲಾಗಿ ಉಳಿದಳು. ಮನುಷ್ಯನ ದೇಹದ ಎಲುಬು, ನರ, ಮಾಂಸಖಂಡ ಎಲ್ಲದರ ಹೆಸರನ್ನೂ ಕಲಿಯುವ ಪಾಠ ಅದು. ಪುಸ್ತಕ ಎತ್ತಿದರೆ ರುಬ್ಬುವ ಕಲ್ಲು ಎತ್ತಿದ ಹಾಗೆ. ಮತ್ತೆ ಬರೆದಳು, ಮತ್ತೆ ಉಳಿದಳು. ಈ ಸಲವೂ ಹೋದರೆ ಮುಂದಕ್ಕೆ ಕೂರಿಸಿಕೊಳ್ಳುವ ಹಾಗಿಲ್ಲ, ಬೇರೆ ಏನಾದರೂ ನೋಡಿಕೊಳ್ಳಿ ಎಂದು ಕಾಲೇಜಿನಲ್ಲಿ ಹೇಳಿ ಕಳಿಸಿದರು.

ಅವಳು ಓದದೆ ಫೇಲಾದದ್ದಲ್ಲ. ಓದದವಳಾದರೆ ಬಯ್ಯಬಹುದಿತ್ತು. ಬೆಳಿಗ್ಗೆ ಎದ್ದು ಮುಖ ತೊಳೆದು ದೇವರ ಕೋಣೆಯಲ್ಲಿ ನನ್ನ ಪಕ್ಕದಲ್ಲೇ ಕುಳಿತು ಓದುವ ಹುಡುಗಿ ಅವಳು. ಈಗ ಯೂನಿಫಾರಂ ಮಡಚಿ ಟ್ರಂಕಿನ ತಳಕ್ಕೆ ಹಾಕಿದಳು. ಮಾತು ಕಡಿಮೆಯಾಯಿತು. ಮಧ್ಯಾಹ್ನ ಕಡಲ ಬದಿಗೆ ಹೋಗಿ ಒಬ್ಬಳೇ ಕಲ್ಲಿನ ಮೇಲೆ ಕೂರುವುದು ಶುರುವಾಯಿತು. ಗಂಡ ಕಡಲಿಗೆ ಹೋದಾಗ ಹೆದರುವುದು ನನಗೆ ಮದುವೆಯಾದಂದಿನಿಂದ ಅಭ್ಯಾಸ. ಮಗಳು ಕಡಲು ನೋಡುತ್ತಾ ಕುಳಿತರೆ ಹೆದರುವುದು ಹೊಸತು. ಮೀನಿನ ಕತ್ತಿ ತೊಳೆಯದೆ ಹಾಗೇ ಬಿಟ್ಟು, ಹುಲ್ಲು ತರುವವಳ ಹಾಗೆ ಅವಳ ಹಿಂದೆ ಹೋಗಿ ನಿಲ್ಲುತ್ತಿದ್ದೆ.

ಅಂಥ ಒಂದು ಮಧ್ಯಾಹ್ನ ನನ್ನನ್ನು ಬೇಲಿಯಾಚೆಯಿಂದ ಕರೆದವರು ಟೀಚರು. ‘ಹ್ವಾಯ್, ಎಂತ ಮಾರಾಯ್ತಿ, ದಿನಾ ಕಡಲ್ ಬದಿ ಕಾಯೂಕ್ ಹೋತೆ?’

ಅವರು ಬೊಂಬಾಯಿಯಲ್ಲಿ ಬಹಳ ವರ್ಷ ನರ್ಸುಗಳಿಗೆ ಪಾಠ ಹೇಳಿದವರು. ಮದುವೆಯಾಗಿರಲಿಲ್ಲ. ಮೂತ್ರಪಿಂಡ ಕೆಟ್ಟ ಮೇಲೆ ಊರಿಗೆ ಬಂದು ತಮ್ಮನ ಮನೆಯ ಪಕ್ಕಕ್ಕೆ ಒಂದು ಕೋಣೆ ಕಟ್ಟಿಸಿಕೊಂಡಿದ್ದರು. ಊರಿನವರಿಗೆ ಅವರನ್ನು ಕಂಡರೆ ಸ್ವಲ್ಪ ಭಯ. ದೇವಸ್ಥಾನಕ್ಕೆ ಬರುವವರಲ್ಲ, ಭಜನಾ ಮಂದಿರದ ಮೆಟ್ಟಿಲು ಹತ್ತಿದವರಲ್ಲ. ‘ಅರೇ, ಅಲ್ಲಿ ಕೊಡುವ ಪಾನಕ ನಂಗ್ ಕುಡೂಕಾಗ. ಮತ್ತೆ ಎಂತಕ್ ಬಪ್ಪುದ್?’ ಎನ್ನುತ್ತಿದ್ದರು. ಕುಡಿಯುವ ನೀರನ್ನೂ ಅವರು ಸಣ್ಣ ಲೋಟದಲ್ಲಿ ಅಳೆದು ಕುಡಿಯಬೇಕಿತ್ತು. ಎಳನೀರು ಆಗದು, ಬಾಳೆಹಣ್ಣು ಆಗದು, ಒಣಮೀನು ಆಗದು. ನಮ್ಮ ಕಡೆ ಒಬ್ಬರಿಗೆ ಪ್ರೀತಿ ತೋರಿಸುವುದಕ್ಕೆ ಏನೇನು ಕೊಡುತ್ತೇವೋ ಅದೆಲ್ಲ ಅವರಿಗೆ ವಿಷ. ಹಾಗಾಗಿ ನಾನು ಅವರ ಮನೆಗೆ ಹೋಗಿದ್ದೆಲ್ಲ ಖಾಲಿ ಕೈಯಲ್ಲೇ.

ಬೇಲಿಯ ಹತ್ತಿರ ನಿಂತು ನಾನು ಎಲ್ಲವನ್ನೂ ಹೇಳಿದೆ. ಅಳಲಿಲ್ಲ ಎಂದುಕೊಂಡಿದ್ದೆ. ಕೊನೆಗೆ ನೋಡಿದರೆ ಸೆರಗು ಒದ್ದೆಯಾಗಿತ್ತು. ಟೀಚರು ಸಮಾಧಾನ ಹೇಳುವವರಲ್ಲ. ‘ನಾಳೆ ಕರ್ಕಂಡ್ ಬಾ. ಪುಸ್ತಕ ತರುದ್ ಬೇಡ’ ಎಂದು ಒಳಗೆ ಹೋದರು.

ಪುಸ್ತಕವಿಲ್ಲದೆ ಹೋದೆವು. ಕೈ ಮುಟ್ಟಿಸಿದ್ದು ಆ ದಿನವೇ. ಮಗಳು ಉತ್ತರ ಹೇಳದೆ ಕುಳಿತಾಗ ಟೀಚರು ಅವಳ ತುಟಿಯನ್ನೇ ನೋಡುತ್ತಿದ್ದರು.

‘ಎಂತ ಗುಣುಗುಟ್ಟುದ್ ನೀನ್?’

ಮಗಳು ತಲೆ ತಗ್ಗಿಸಿ, ‘ಸುರುವಿಂದ ಹೇಳ್ಕಂಡ್ ಬತ್ತಿದ್ದೆ ಟೀಚ್ರೆ’ ಎಂದಳು.

ಆಗ ಹೊರಗೆ ಬಂತು ನಮ್ಮ ಓದಿನ ಕ್ರಮ. ನಾನು ಭಜನಾ ಮಂದಿರದಲ್ಲಿ ಕೇಳಿ ಕೇಳಿ ದೇವಿಯ ಸಹಸ್ರನಾಮ ಬಾಯಿಪಾಠ ಮಾಡಿದವಳು. ಎಂಟನೇ ಕ್ಲಾಸಿನ ನಂತರ ಶಾಲೆ ನೋಡದ ನನಗೆ ಗೊತ್ತಿದ್ದ ಓದು ಅದೊಂದೇ. ದೀಪ ಹಚ್ಚಿ, ಪೂರ್ವಕ್ಕೆ ಮುಖ ಮಾಡಿ, ಒಂದೇ ರಾಗದಲ್ಲಿ, ಒಂದೇ ಕ್ರಮದಲ್ಲಿ, ಮೊದಲಿನಿಂದ ಕೊನೆಯವರೆಗೆ. ಮಗಳಿಗೂ ಹಾಗೇ ಹೇಳಿಕೊಟ್ಟಿದ್ದೆ. ತಲೆಯ ನರಗಳ ಹೆಸರನ್ನು ಅವಳು ಎಷ್ಟು ಚಂದ ಹೇಳುತ್ತಿದ್ದಳೆಂದರೆ, ಅರ್ಥ ಗೊತ್ತಿಲ್ಲದಿದ್ದರೂ ಕೊನೆಯಲ್ಲಿ ನಾನು ಕೈ ಮುಗಿಯುತ್ತಿದ್ದೆ. ಪರೀಕ್ಷೆಯಲ್ಲಿ ಎದುರು ಕುಳಿತವರು ‘ಏಳನೆಯ ನರದ ಕೆಲಸ ಏನು?’ ಎಂದು ಕೇಳಿದರೆ ಇವಳು ಒಂದರಿಂದ ಮನಸ್ಸಿನಲ್ಲೇ ಪಠಿಸಿಕೊಂಡು ಬರಬೇಕು. ಇವಳು ನಾಲ್ಕಕ್ಕೆ ಬರುವಾಗ ಅವರು ‘ಗೊತ್ತಿಲ್ವಾ, ಆಯ್ತು’ ಎಂದು ಬೇರೆ ಪ್ರಶ್ನೆಗೆ ಹೋಗಿರುತ್ತಿದ್ದರು. ಅದಕ್ಕೂ ಮೊದಲಿನಿಂದಲೇ ಶುರು. ಬರೆಯುವ ಪರೀಕ್ಷೆಯಲ್ಲೂ ಹಾಗೇ ಆಗಿ ಅರ್ಧಕ್ಕೆ ಬೆಲ್ಲು ಹೊಡೆಯುತ್ತಿತ್ತು.

ಟೀಚರು ನನ್ನ ಕಡೆ ತಿರುಗಿದರು. ‘ನಿಂಗೆ ಸಹಸ್ರನಾಮ ಬತ್ತಲ್ದಾ? ನಡುವಿನ್ ಯಾವ್ದಾರೂ ಒಂದ್ ಹೆಸ್ರ್ ಹೇಳ್.’

ನಾನು ಹೇಳಿದೆ.

‘ಅದ್ರ ಹಿಂದಿನ ಹೆಸ್ರ್ ಯಾವ್ದ್?’

ನಾನು ಬಾಯಿ ತೆರೆದೆ. ಬರಲಿಲ್ಲ. ಇಷ್ಟು ವರ್ಷ ಶುಕ್ರವಾರ ಶುಕ್ರವಾರ ಹೇಳಿದ್ದು, ಒಂದು ಹೆಸರು ಹಿಂದಕ್ಕೆ ಹೋಗಲು ಆಗಲಿಲ್ಲ. ನನಗೆ ತಿಳಿಯದ ಹಾಗೆಯೇ ಕಣ್ಣು ಮುಚ್ಚಿ ಮೊದಲಿನಿಂದ ಶುರು ಮಾಡಿಬಿಟ್ಟಿದ್ದೆ. ಟೀಚರು ನಕ್ಕರು. ನಗುವಾಗ ಅವರಿಗೆ ಉಸಿರು ಸಾಲುತ್ತಿರಲಿಲ್ಲ.

‘ದೇವ್ರಿಗೆ ಅಡ್ಡಿಲ್ಲೆ ಮಾರಾಯ್ತಿ. ಅವ್ರ್ ಕೂಕಂಡ್ ಪೂರಾ ಕೇಣ್ತ್ರ್. ಪರೀಕ್ಷಿ ಮಾಡುವರಿಗೆ ಅಷ್ಟ್ ಪುರ್ಸೊತ್ತಿಲ್ಲೆ.’ ಆಮೇಲೆ ಮಗಳಿಗೆ ಹೇಳಿದರು, ‘ನಿಂಗ್ ಬತ್ತಿಲ್ಲೆ ಅಂದೇಳಿ ಯಾರ್ ಹೇಳ್ದ್? ಎಲ್ಲಾ ಒಳ್ಗಿತ್ತ್. ಮನಿಗೆ ಒಂದೇ ಬಾಗ್ಲ್ ಇಟ್ಕಂಡಿದ್ದೆ, ಅಷ್ಟೆ.’

ಮರುದಿನ ಅವರು ಅಟ್ಟದಿಂದ ಹಳೆಯ ಚನ್ನೆಮಣೆ ಇಳಿಸಿದ್ದರು. ಗುಳಿಗಳಿರುವ ಆ ಮರದ ಹಲಗೆಯಲ್ಲಿ ನಾವು ಆಷಾಢದ ಮಳೆಯಲ್ಲಿ ಕಾಯಿ ಹಾಕಿ ಆಡುವುದು. ಬೇರೆ ತಿಂಗಳಲ್ಲಿ ಅದನ್ನು ಮುಟ್ಟಿದರೆ ಮನೆಗೆ ಒಳ್ಳೆಯದಲ್ಲ ಎಂದು ನನ್ನ ಅಮ್ಮ ಹೇಳುತ್ತಿದ್ದರು. ಮೊದಲೇ ಒಳ್ಳೆಯದಾಗದ ನಮಗೆ ಇದೂ ಯಾಕೆ ಎಂದು ನನಗೆ ಅಳುಕು.

‘ಟೀಚ್ರೆ, ಆಸಾಡಿ ಅಲ್ದೆ ಚನ್ನೆಮಣಿ ಹೊರ್ಗ್ ತೆಗುಕಾಗ ಅಂಬ್ರ್.’

‘ಆಡೂಕಾಗ ಅಂದೇಳಿ ಹೇಳ್ದ್. ಓದೂಕಾಗ ಅಂದೇಳಿ ನಿನ್ನ್ ಅಬ್ಬಿ ಹೇಳಿದ್ಲಾ?’

ಅವರ ಕ್ರಮ ಹೀಗಿತ್ತು. ಒಂದೊಂದು ಚೀಟಿಯಲ್ಲಿ ಒಂದೊಂದೇ ಪ್ರಶ್ನೆ. ಉತ್ತರ ಬರೆದಿಡುವುದಿಲ್ಲ. ಚೀಟಿ ಸುರುಳಿ ಮಾಡಿ ಎಲ್ಲವನ್ನೂ ಮೊದಲ ಗುಳಿಗೆ ಹಾಕುವುದು, ಕಲಸಿ ಎತ್ತುವುದು. ಸರಿ ಹೇಳಿದರೆ ಆ ಚೀಟಿ ಮುಂದಿನ ಗುಳಿಗೆ ಹೋಯಿತು. ತಪ್ಪಿದರೆ ಎಷ್ಟು ಮುಂದೆ ಹೋಗಿದ್ದರೂ ಮತ್ತೆ ಮೊದಲ ಗುಳಿಗೆ ವಾಪಸು. ಮೊದಲ ಗುಳಿಯದ್ದನ್ನು ದಿನಾ ಕೇಳುವುದು, ಎರಡನೆಯದ್ದನ್ನು ದಿನ ಬಿಟ್ಟು ದಿನ, ಅದರಾಚೆಯದ್ದನ್ನು ಇನ್ನೂ ತಡೆದು. ಮರೆಯುವ ಹೊತ್ತಿಗೆ ಸರಿಯಾಗಿ ಕೇಳಬೇಕು, ಅದೇ ಗುಟ್ಟು ಎನ್ನುತ್ತಿದ್ದರು. ಏನಾದರೂ ಒಂದು ಉತ್ತರ ಹೇಳದೆ ಪುಸ್ತಕ ತೆರೆಯುವ ಹಾಗಿಲ್ಲ. ‘ತಪ್ಪಾರೂ ಹೇಳ್. ತಪ್ಪ್ ಹೇಳಿ ನಾಚ್ಕಿ ಆದ್ದ್ ಮತ್ತೆ ಮರಿತಿಲ್ಲೆ.’ ಮಗಳ ಪುಸ್ತಕದಲ್ಲಿ ಸಾಲು ಸಾಲಿಗೂ ಹಳದಿ ಬಣ್ಣ ಎಳೆದಿದ್ದನ್ನು ಕಂಡು, ‘ಹೀಂಗೆ ಅರಶಿನ ಹಚ್ಚಿರೆ ಪುಸ್ತಕಕ್ಕೆ ಮದ್ವಿ ಆತ್ತ್. ನೀ ಪಾಸಾತಿಲ್ಲೆ’ ಎಂದಿದ್ದರು.

ಚಿತ್ರ ಬಿಡಿಸುವುದಕ್ಕೆ ಹಾಳೆ ಬೇಡ, ಮೈ ಇದೆಯಲ್ಲ ಎಂದರು. ಹಾಗೆ ಮಗಳು ಕಾಡಿಗೆ ಪೆನ್ಸಿಲಿನಲ್ಲಿ ನನ್ನ ಬೆನ್ನಿನ ಮಾಂಸಖಂಡಗಳನ್ನೆಲ್ಲ ಬರೆದಳು. ನಾನು ಅದನ್ನು ಮರೆತು ಭಜನೆಗೆ ಹೋದೆ. ಹಿಂದೆ ಕುಳಿತವಳೊಬ್ಬಳು ತಾಳ ನಿಲ್ಲಿಸಿ, ‘ಎಂತ ಅಕ್ಕ, ಬೆನ್ನಿಗೆ ಬೋರ್ಡ್ ಹಾಕ್ಸ್ಕಂಡಿದ್ರಿ?’ ಎಂದಳು. ಆ ವರ್ಷ ನಾನು ಜೋರಾಗಿ ನಕ್ಕದ್ದು ಅದೊಂದೇ ದಿನ ಇರಬೇಕು.

ವಾರಕ್ಕೆ ಮೂರು ದಿನ ಟೀಚರಿಗೆ ಕುಂದಾಪುರದಲ್ಲಿ ಡಯಾಲಿಸಿಸ್. ಮಗಳನ್ನೂ ಕರೆದುಕೊಂಡು ಹೋಗತೊಡಗಿದರು. ಮೆಷಿನಿಗೆ ಕೈ ಕೊಟ್ಟು ಮಲಗಿಕೊಂಡು ಅವರು ಕೇಳುವುದು, ಇವಳು ಸ್ಟೂಲಿನ ಮೇಲೆ ಕುಳಿತು ಹೇಳುವುದು. ಕೆಲವು ಸಲ ನಾನೂ ಹೋಗಿ ಬಾಗಿಲ ಹೊರಗೆ ಕುಳಿತಿರುತ್ತಿದ್ದೆ. ಪಕ್ಕದ ಹಾಸಿಗೆಯಲ್ಲಿ ಸಿದ್ದಾಪುರದಿಂದ ಬಸ್ಸು ಹಿಡಿದು ಬರುವ ಒಬ್ಬ ಅಜ್ಜ. ಕೈಯ ಸಣ್ಣ ಎಲುಬುಗಳ ಹೆಸರಿನಲ್ಲಿ ಇವಳು ತಡವರಿಸಿದ ಒಂದು ದಿನ ಅವರು ಮಲಗಿದಲ್ಲಿಂದಲೇ, ‘ಹ್ವಾಯ್, ಕೇಣಿ ಕೇಣಿ ನಂಗೇ ಬಂತಲೆ. ನಿಂಗ್ ಬತ್ತಿಲ್ಲ್ಯಾ ಮಗಾ?’ ಎಂದು ಆ ಹೆಸರನ್ನು ಅರ್ಧಂಬರ್ಧ ಹೇಳಿಯೂ ಬಿಟ್ಟರು. ಅಲ್ಲಿ ಮಲಗಿದ್ದವರೆಲ್ಲ ನಕ್ಕರು.

ಮೂತ್ರಪಿಂಡದ ಪಾಠ ಬಂದದ್ದೂ ಅಲ್ಲೇ. ರಕ್ತ ಎಲ್ಲಿಂದ ಒಳಗೆ ಬರುತ್ತದೆ, ಎಲ್ಲಿ ಸೋಸುತ್ತದೆ, ಏನು ಉಳಿಯುತ್ತದೆ, ಏನು ಹೊರಗೆ ಹೋಗುತ್ತದೆ ಎಂದು ಟೀಚರು ಹಿಂದೆಮುಂದೆ ಮಾಡಿ ಕೇಳಿದರು. ಮಗಳು ಒಂದನ್ನೂ ತಪ್ಪಿಸಲಿಲ್ಲ. ಹೇಳಿ ಮುಗಿಸಿ, ಮೆಷಿನಿನ ಕೊಳವೆಯಲ್ಲಿ ಹೋಗುತ್ತಿದ್ದ ರಕ್ತ ನೋಡಿ, ಟೀಚರ ಮುಖ ನೋಡಿ, ಕಣ್ಣು ಒರೆಸಿಕೊಂಡಳು. ತಾನು ಹೇಳಿದ್ದರಲ್ಲಿ ಯಾವುದೂ ಈ ಹೆಂಗಸಿನ ಒಳಗೆ ನಡೆಯುತ್ತಿಲ್ಲ ಎಂದು ಅವಳಿಗೆ ಆಗ ತಿಳಿದಿರಬೇಕು. ‘ಮರ್ಕ್‌ಬೇಡ. ಮುಂದಿನ್ ಚೀಟಿ ತೆಗಿ’ ಎಂದರು ಟೀಚರು.

ಹೀಗೆ ಹೇಳಿದರೆ ಎಲ್ಲ ಸರಾಗವಾಗಿ ಆಯಿತು ಎಂದು ತೋರಬಹುದು. ಹಾಗೆ ಆಗಲಿಲ್ಲ. ಪರೀಕ್ಷೆ ಹತ್ತಿರ ಬಂದಾಗ ಟೀಚರು ಒಂದು ದಿನ ಎಲ್ಲ ಗುಳಿಗಳನ್ನೂ ಕಲಸಿ ಕೇಳಿದರು. ಮಗಳಿಗೆ ಏನಾಯಿತೋ, ಕೊನೆಯ ಗುಳಿಯ ಚೀಟಿಗಳೂ ಒಂದರ ಹಿಂದೆ ಒಂದು ತಪ್ಪಿದವು. ಮನೆಗೆ ಬಂದವಳು ಗೋಡೆಗೆ ಮುಖ ಮಾಡಿ ಮಲಗಿದಳು. ‘ನಂಗ್ ಆತ್ತಿಲ್ಲೆ ಅಮ್ಮ. ನನ್ನ್ ಬಿಟ್ಬಿಡಿ’ ಎಂದಳು. ಆ ಮಾತಿನ ಅರ್ಥ ಎಷ್ಟು ದೂರಕ್ಕೆ ಹೋಗುತ್ತದೆ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಅವಳ ಪಾದ ಹಿಡಿದು ಕುಳಿತೆ. ದೇವರ ಹೆಸರೂ ಬಾಯಿಗೆ ಬರಲಿಲ್ಲ. ಮರುದಿನ ಅವಳು ಓದಿಗೆ ಹೋಗಲಿಲ್ಲ. ಅದರ ಮರುದಿನವೂ ಇಲ್ಲ.

ಆ ಸಂಜೆ ಟೀಚರೇ ಬಂದರು. ಬೇಲಿಯಿಂದ ನಮ್ಮ ಮೆಟ್ಟಿಲಿಗೆ ಎಷ್ಟು ದೂರ? ಅಷ್ಟಕ್ಕೇ ತೆಂಗಿನ ಮರ ಹಿಡಿದು ನಿಂತು ನಿಂತು ಬಂದರು. ಕಾಲು ಊದಿತ್ತು. ಮೆಟ್ಟಿಲ ಮೇಲೆ ಕುಳಿತು ಬಹಳ ಹೊತ್ತು ಬರೀ ಉಸಿರಾಡಿದರು.

‘ಇವತ್ತ್ ನಾನೂ ಮೆಷಿನಿಗ್ ಹೋಯಿಲ್ಲೆ’ ಎಂದರು.

ಮಗಳು ಎದ್ದು ಬಾಗಿಲಿಗೆ ಬಂದಳು. ‘ಎಂತಕ್ಕೆ ಟೀಚ್ರೆ? ಹೋಗ್ದಿರೆ ಎಂತ ಆತ್ತ್ ಅಂದೇಳಿ ನೀವೇ ಹೇಳ್ಕೊಟ್ಟದ್ದಲ್ದಾ?’

‘ಬೇಜಾರ್ ಬಂತ್ ಹೆಣ್ಣೆ. ದಿನಾ ಬತ್ತ್. ಎಷ್ಟ್ ಹೋರೂ ಗುಣ ಆಪ್ದಲ್ಲ ಅದ್. ನೀ ಬತ್ತೆ, ಚೀಟಿ ಇತ್ತ್, ಹೊತ್ತ್ ಹೋತ್ತ್ ಅಂದೇಳಿ ಹೋತಿದ್ದೆ. ನೀ ಇಲ್ಲೆ ಅಂದ್ರೆ ಅಲ್ಲಿ ಆ ಫ್ಯಾನ್ ಕಾಂತಾ ಮಲ್ಗೂಕೆ ನಂಗೂ ಆತ್ತಿಲ್ಲೆ.’

ಅವರು ಅದನ್ನು ಉಪಾಯವಾಗಿ ಹೇಳಿದ್ದಲ್ಲ. ಮುಖ ನೋಡಿದರೆ ತಿಳಿಯುತ್ತಿತ್ತು. ನನ್ನ ಮಗಳು ಗೋಡೆ ನೋಡುತ್ತಿದ್ದ ಹಾಗೆಯೇ ಅವರೂ ಆ ಕೋಣೆಯಲ್ಲಿ ಗೋಡೆ ನೋಡಿಕೊಂಡಿದ್ದರು. ಮಗಳು ಚಪ್ಪಲಿ ಹಾಕಿಕೊಂಡಳು. ರಿಕ್ಷಾ ಕರೆದು ತಂದಳು. ಆ ಹೊತ್ತಿಗೂ ಹಾಸಿಗೆ ಸಿಕ್ಕಿದ್ದು ದೇವರ ದಯೆ. ರಿಕ್ಷಾದಲ್ಲಿ ಇಬ್ಬರ ನಡುವೆ ಚನ್ನೆಮಣೆ ಇತ್ತು.

ಬರೆಯುವ ಪರೀಕ್ಷೆ ಮುಗಿಯಿತು. ಎದುರು ಕೂರಿಸಿ ಕೇಳುವ ಪರೀಕ್ಷೆ ಬಾಕಿಯಿತ್ತು. ಅವಳನ್ನು ಎರಡು ಸಲವೂ ಮುಳುಗಿಸಿದ್ದು ಅದೇ. ಅಷ್ಟರಲ್ಲಿ ಟೀಚರಿಗೆ ಜ್ವರ ಬಂತು, ಎದೆಯಲ್ಲಿ ನೀರು ತುಂಬಿತು. ಮಣಿಪಾಲಕ್ಕೆ ಕೊಂಡುಹೋದರು. ನಾವು ನೋಡಲು ಹೋದಾಗ ಬಾಯಿಗೆ ಮಾಸ್ಕ್ ಇತ್ತು, ಮಾತಿಲ್ಲ. ಮಗಳನ್ನು ಕಂಡ ಕೂಡಲೇ ಅವರು ಬಲಗೈ ಎತ್ತಿ ತಮ್ಮ ಕೊರಳ ಎಲುಬಿನ ಮೇಲೆ ಬೆರಳಿಟ್ಟರು. ಮಗಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಹೆಸರು ಹೇಳಿದಳು. ಬೆರಳು ದವಡೆಗೆ ಹೋಯಿತು. ಹೇಳಿದಳು. ಪಕ್ಕೆಲುಬಿಗೆ, ಹಣೆಗೆ, ಮಣಿಕಟ್ಟಿಗೆ, ಮತ್ತೆ ಕಿವಿಯ ಹಿಂದಕ್ಕೆ. ಕ್ರಮ ಎಂಬುದೇ ಇಲ್ಲ. ನಾನು ಮಂಚದ ಕಾಲು ಹಿಡಿದು ನಿಂತಿದ್ದೆ. ಮಗಳ ಕಣ್ಣಿನಿಂದ ನೀರು ಸುರಿಯುತ್ತಲೇ ಇತ್ತು, ಬಾಯಿ ಒಂದು ಸಲವೂ ತಡೆಯಲಿಲ್ಲ. ನರ್ಸ್ ಬಂದು ಸಾಕು ಎಂದ ಮೇಲೆ ಟೀಚರು ಕೈ ಕೆಳಗಿಟ್ಟರು.

ಪರೀಕ್ಷೆಯ ದಿನ ಬೆಳಕು ಹರಿಯುವ ಮೊದಲೇ ಅವರ ತಮ್ಮನ ಮನೆಯ ಮುಂದೆ ಆಂಬುಲೆನ್ಸ್ ಬಂದು ನಿಂತಿತು. ಮುಗಿದಿತ್ತು.

ನಮ್ಮಲ್ಲಿ ನೆರೆಯ ಮನೆಯಲ್ಲಿ ಹೆಣ ಇರುವಾಗ ಒಲೆ ಹಚ್ಚುವುದಿಲ್ಲ, ದೇವರಿಗೆ ದೀಪ ಇಡುವುದಿಲ್ಲ. ಅವಳು ಬಾಲವಾಡಿಗೆ ಹೋದಂದಿನಿಂದ ಯಾವ ಪರೀಕ್ಷೆಗೂ ನಾನು ದೀಪ ಹಚ್ಚದೆ, ಹಣೆಗೆ ಪ್ರಸಾದ ಇಡದೆ ಕಳಿಸಿದ್ದಿಲ್ಲ. ಈ ಒಂದು ದಿನ, ಇದು ಹೋದರೆ ಎಲ್ಲ ಹೋಯಿತು ಎನ್ನುವ ದಿನ, ನನ್ನ ದೇವರ ಕೋಣೆ ಕತ್ತಲು. ಮಗಳು ಮುಖ ನೋಡಿಯೇ ಹೋಗುತ್ತೇನೆ ಎಂದಳು. ಸೂತಕದ ಮನೆಯಿಂದ ನೇರ ಪರೀಕ್ಷೆಗೆ ಕಳಿಸುವುದೇ ಎಂದು ಅಳುಕಿದೆ. ಆದರೂ ಬಾಗಿಲು ಬಿಟ್ಟು ಸರಿದು ನಿಂತೆ. ಅವಳು ಹೋಗಿ ಟೀಚರ ಕಾಲು ಮುಟ್ಟಿ ಬಂದಳು. ಬಾವಿಕಟ್ಟೆಯಲ್ಲಿ ನಾನೇ ತಲೆಗೆ ತಣ್ಣೀರು ಸುರಿದೆ. ಇಸ್ತ್ರಿ ಇಲ್ಲದ ಯೂನಿಫಾರಂ ಹಾಕಿ, ಒದ್ದೆ ಕೂದಲು ಕಟ್ಟಿ, ಖಾಲಿ ಹೊಟ್ಟೆಯಲ್ಲಿ ಬಸ್ಸು ಹತ್ತಿದಳು. ಕೈಯಲ್ಲಿ ಪುಸ್ತಕವೂ ಇರಲಿಲ್ಲ.

ಹೊತ್ತು ಇಳಿಯುವಾಗ ಬಂದಳು. ಅಷ್ಟರಲ್ಲಿ ಟೀಚರನ್ನು ಕೊಂಡುಹೋಗಿ ಆಗಿತ್ತು, ನಾನು ಮಿಂದು ಒಲೆ ಹಚ್ಚಿದ್ದೆ. ‘ಎಂತ ಕೇಂಡ್ರ್?’ ಎಂದೆ.

‘ಎಲ್ಲಿಂದೆಲ್ಲಾ ಕೇಂಡ್ರ್ ಅಮ್ಮ’ ಎಂದಳು. ಅಷ್ಟು ಹೇಳಿ ಅಂಗಳದಲ್ಲೇ ಕುಸಿದು ಕುಳಿತು, ಬೆಳಿಗ್ಗೆಯಿಂದ ತಡೆದು ಇಟ್ಟಿದ್ದನ್ನೆಲ್ಲ ಅತ್ತಳು.

ಫಲಿತಾಂಶ ಬಂದಾಗ ಟೀಚರ ಉತ್ತರಕ್ರಿಯೆಯ ಬೊಜ್ಜ ಕಳೆದು ಬಹಳ ದಿನವಾಗಿತ್ತು. ಪಾಸು. ದೊಡ್ಡ ಮಾರ್ಕೇನಲ್ಲ, ದಾಟಿದಳು ಅಷ್ಟೆ. ದಾಟಿದ್ದು ಸಾಕು ನನಗೆ. ಮೊಬೈಲು ಹಿಡಿದುಕೊಂಡೇ ಬೇಲಿ ದಾಟಿ ಅವರ ತಮ್ಮನ ಹೆಂಡತಿಗೆ ಹೇಳಲು ಓಡಿದೆ. ಅವರು ಅಂಗಳದಲ್ಲಿ ತೆಂಗಿನ ಗರಿ ಹೆಣೆಯುತ್ತಿದ್ದರು. ತಲೆ ಎತ್ತದೆ, ‘ಅತ್ಗಿ ಅವತ್ತೇ ಹೇಳಿದ್ರ್’ ಎಂದರು.

‘ಯಾವತ್ತ್?’

‘ಮಣಿಪಾಲದಗೆ, ನೀವ್ ಕಂಡ್ಕಂಡ್ ಬಂದ್ ಮೇಲೆ. ಮಾಸ್ಕ್ ಒಂಚೂರ್ ಸರ್ಸಿ ಹೇಳ್ರ್, ಹೆಣ್ಣ್ ಪಾಸಾತ್ತ್, ಅದ್ರ ಅಬ್ಬಿಗೆ ಈಗ್ಳೇ ಹೇಳ್ಬೇಡ, ಹೇಳ್ರೆ ಓದೂಕ್ ಬಿಡ್ದೆ ಕೊಲ್ಲೂರಿಗ್ ಕರ್ಕಂಡ್ ಹೋತ್ತ್ ಅಂದೇಳಿ.’

ಹೇಳಿದ್ದರೆ ನಾನು ಅದನ್ನೇ ಮಾಡುತ್ತಿದ್ದೆ.

ಆ ಶುಕ್ರವಾರ ಮಗಳನ್ನು ಕರೆದುಕೊಂಡು ಕೊಲ್ಲೂರಿಗೆ ಹೋದೆ. ಅಮ್ಮನ ಎದುರು ನಿಂತರೆ ಕೇಳುವುದಕ್ಕೆ ನನ್ನಲ್ಲಿ ಯಾವಾಗಲೂ ಒಂದು ಗಂಟು ಇರುತ್ತದೆ: ಗಂಡ ಕಡಲಿಂದ ಬರಲಿ, ಮಗಳು ಗೆಲ್ಲಲಿ, ಮನೆ ಸೋರದಿರಲಿ. ಆ ದಿನ ಕೈ ಮುಗಿದು ಕಣ್ಣು ಮುಚ್ಚಿದೆ. ಏನೂ ಕೇಳಬೇಕು ಅನ್ನಿಸಲಿಲ್ಲ. ದೇವರನ್ನು ಕರೆಯಲು ಬಾಯಿ ತೆರೆದರೆ ಟೀಚರ ಹೆಸರು ಬಂತು. ಹಿಂದೆ ಸಾಲಿನಲ್ಲಿದ್ದವರು ಮುಂದೆ ಹೋಗಿ ಎನ್ನುವವರೆಗೂ ಅದನ್ನೇ ಹೇಳುತ್ತಾ ನಿಂತಿದ್ದೆ.